ಬೋರ್ಡಿನ ಮೇಲೆ ಖಾಲಿ ಬಿಟ್ಟ ಜಾಗ

ಹೈದರಾಬಾದಿನಲ್ಲಿ ಡಾಕ್ಟರರು ಹೆಸರು ನೋಂದಾಯಿಸುವ ಆಫೀಸಿನ ಸಾಲು ಅವತ್ತು ಎಷ್ಟು ಉದ್ದವಿತ್ತೆಂದರೆ, ಕೊನೆಯಲ್ಲಿ ನಿಂತವರು ಇನ್ನೂ ಎಂಬಿಬಿಎಸ್ ಓದುತ್ತಿದ್ದಿರಬೇಕು. ಮಗನ ಕಾಗದ ಹಿಡಿದು ನಿಂತಿದ್ದ ಜಯತೀರ್ಥರಿಗೆ ಮುಂದಿನಿಂದ ಕನ್ನಡ ಕೇಳಿಸಿತು. ಅವರ ಕಿವಿ ಮೊರದಗಲ ಆಯಿತು. ಮಾತಾಡುತ್ತಿದ್ದವರು ಹೊಸ ಡಾಕ್ಟರ್ ಹುಡುಗಿ ಮತ್ತು ಆಕೆಯ ಕಾಕಾ.

"ವಿಜಿ, ನನ್ನ ದವಾಖಾನಿಗೆ ನಿನ್ನ ಹೆಸರಿಲೆ ಬೋರ್ಡ್ ಬರಸೇನಿ. ಇವತ್ತ ಸಿಗೋ ನಿನ್ನ ನೋಂದಣಿ ನಂಬರಿಗೆ ಜಾಗಾ ಖಾಲಿ ಬಿಟ್ಟೇನಿ. ತಪಾಸಣೆ ಮಂದಿ ಬಂದ್ರ ತೋರಸ್ತೀನಿ."

"ನಾ ಗಚ್ಚಿಬೌಲಿ ದವಾಖಾನ್ಯಾಗ ಇರ್ತೀನಿ. ನಿಮ್ಮಲ್ಲೆ ಸೂಜಿ ಮಾಡಾವ್ರು ಯಾರು ಕಾಕಾ?"

"ನಾನ! ಮೂವತ್ತು ವರ್ಷದಿಂದ ಮಾಡಾಕತ್ತೀನಿ. ಕಂಪೌಂಡರ್ ಆಗಿ ಕಲತ ಕೈ. ಒಬ್ಬರಾದ್ರೂ ಸತ್ತಾರೇನು?"

"ಸಾಯೂತನಕ ಕಾಯಬೇಕೇನ್ರಿ? ನಂಬರ್ ಯಾರದೋ ಔಷಧ ಅವರ ಕೊಡಬೇಕು. ಕಾಯ್ದೆ ಹಂಗ ಐತಿ."

"ಕಾಯ್ದೆ ಮಾಡಿದಾವ್ರಿಗೂ ಜ್ವರ ಬಂದ್ರ ನನ್ನ ಕಡೆನ ಬರ್ತಾರ."

"ಬರಲಿ. ಸಂಜಿ ಆರಕ್ಕ ನಾನ ಬಂದು ಕೂಡ್ತೀನಿ. ನೀವು ಪೇಶಂಟ್ ಹೆಸರು ಕರೀರಿ. ಸೂಜಿ ಮುಟ್ಟಂಗಿಲ್ಲ. ಇಲ್ಲಾಂದ್ರ ನಂಬರ್ ಕೊಡೂದಿಲ್ಲ."

"ನಿನ್ನ ಓದಸಿದಾವ ನಾನು!"

"ಅದಕ್ಕ ಇಷ್ಟು ಹೇಳಾಕತ್ತೀನಿ. ಬ್ಯಾರೆಯವರಾಗಿದ್ರ ಇಲ್ಲೇ ದೂರು ಬರದು ಕೊಡ್ತಿದ್ದೆ."

ಕಾಕಾ ಬಿಟ್ಟ ಉಸಿರಿಗೆ ಮೇಲಿನ ಫ್ಯಾನು ಉಲ್ಟಾ ತಿರುಗಿತೆಂದು ಜಯತೀರ್ಥರು ಇಂದಿಗೂ ಆಣೆ ಮಾಡುತ್ತಾರೆ.

"ನೆಕ್ಸ್ಟ್! ಡಾಕ್ಟರ್ ಗಾರು!" ಎಂದು ಕೌಂಟರಿನಿಂದ ಕೂಗು ಬಂತು.

ಮೂವತ್ತು ವರ್ಷದ ರೂಢಿ, ಕಾಕಾ ಒಂದು ಹೆಜ್ಜೆ ಮುಂದಿಟ್ಟೇಬಿಟ್ಟರು. ಆಮೇಲೆ ನಿಂತರು. ಪಕ್ಕಕ್ಕೆ ಸರಿದು ಫೈಲನ್ನು ಆಕೆಯ ಕೈಗಿಟ್ಟರು.

"ಹೋಗ್ರಿ ಡಾಕ್ಟರ್," ಎಂದರು, "ನಿಮಗ ಕರಿಯಾಕತ್ತಾರ."