ಹದಿನಾರಕ್ಕೆ ತಾಯಿಯಾದವಳು

೨೦೦೩ರ ಮಾತು. ಕುವೆಂಪುನಗರದ ಕ್ಲಿನಿಕ್ಕಿನಲ್ಲಿ ಸರದಿಗಾಗಿ ಕಾಯುತ್ತಿದ್ದ ಪ್ರೇಮಲೀಲಾ, ಎದುರು ಬೆಂಚಿನಲ್ಲಿ ಮಗಳೊಂದಿಗೆ ಕೂತಿದ್ದ ತಾಯಿಯೊಬ್ಬರ ಕೈಯಲ್ಲಿ ತಾವೇ ಬರೆದ ಕಾದಂಬರಿ ಕಂಡು ಕಿವಿಗೊಟ್ಟರು. ಹದಿಹರೆಯದವರಿಗೆಂದು ಅವರು ಬರೆದ ಮೊದಲ ಪುಸ್ತಕ ಅದು.

“ಮುಗೀತೇನಮ್ಮ?” ಪಕ್ಕದಲ್ಲಿದ್ದ ಮಗಳು ಕೇಳಿದಳು.

“ಮುಗೀತು. ಹದಿನಾರಕ್ಕೇ ಮಗು ಆಯ್ತು ಅಂತ, ಬರೆದೋರು ಆ ಹುಡುಗೀನ ಬಾವಿಗೆ ನೂಕ್ಬುಟ್ಟವ್ರೆ.”

“ಕಷ್ಟ ತಡೀಲಾರದೆ ಅವಳೇ ಬಿದ್ದಿದ್ದು ಕಣಮ್ಮ. ನಾನಂತೂ ಅತ್ತುಬುಟ್ಟೆ.”

“ನಿನ್ನ ಹೆತ್ತಾಗ ನಂಗೆಷ್ಟು ವಯಸ್ಸು?”

“ಹದಿನಾರು.”

“ನಂಗೆ ಕಷ್ಟ ಇರಲಿಲ್ವಾ? ನಿಮ್ಮಪ್ಪ ಬಿಟ್ಟೋದ್ರು, ಊರೆಲ್ಲ ಆಡ್ಕೊಳ್ತು. ಅಳ್ತಾ ಅಳ್ತಾನೇ ಹೊಲಿಗೆ ಕಲಿತೆ. ನಿನ್ನನ್ನ ಅಜ್ಜಿ ಕೈಗೆ ಕೊಟ್ಟು ಎಸ್ಸೆಸ್ಸೆಲ್ಸಿ ಬರೆದೆ. ನೀನು ಮೊದಲ ಸಲ ನಕ್ಕಾಗ ಕುಣಿದಾಡಿದ್ದೆ. ಅದೊಂದೂ ಇದರಲ್ಲಿ ಇಲ್ವಲ್ಲ!”

“ಕಥೇಲಿ ಅಂಗೆಲ್ಲ ಬರೆಯಲ್ಲಮ್ಮ.”

“ಯಾಕೆ ಬರೀಬಾರ್ದು? ಅಂಥ ಹುಡುಗಿ ಯಾರಾದ್ರೂ ಇದನ್ನ ಓದಿದ್ರೆ?”

ಪ್ರೇಮಲೀಲಾ ಅವರನ್ನು ಮಾತಾಡಿಸಲೆಂದು ಮುಂದಕ್ಕೆ ಬಾಗಿದರು. ಅಷ್ಟರಲ್ಲಿ ನರ್ಸ್, “ರಕ್ಷಿತಾ” ಎಂದು ಕೂಗಿದರು. ತಾಯಿ ಎದ್ದು ಮಗಳ ಹೆಗಲ ಮೇಲೆ ಕೈ ಹಾಕಿದರು.

“ಆ ಲೇಖಕಿ ಎಲ್ಲಾದ್ರೂ ಸಿಕ್ಲಿ, ಮನೆಗೆ ಕರೀತೀನಿ ಕಣೇ. ಒಂದು ಲೋಟ ಕಾಫಿ ಕೊಟ್ಟು, ಎಲ್ಲಾ ಮೊದಲಿಂದ ಹೇಳ್ತೀನಿ,” ಎಂದು ನಗುತ್ತಾ ಒಳಗೆ ನಡೆದರು.