ದಾಂಗುವೊಲೆಯ ರೇಡಿಯೋ

ಕೌನಸ್ ಪಟ್ಟಣದ ನಮ್ಮ ಬೀದಿಯ ದಿನಸಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ದಾಂಗುವೊಲೆ, ಅವಳ ತಂಗಿ ಜೀತಾ ನಿಂತಿದ್ದರು. ದಾಂಗುವೊಲೆಯ ಗಂಡ ತೀರಿಕೊಂಡು ಮೂರು ವರ್ಷವಾಯಿತು.

"ನಮ್ಮ ದೇಶದವರ ಬಾಸ್ಕೆಟ್‌ಬಾಲ್ ಫೈನಲ್ ಬೆಳಗಿನ ಜಾವ ನಾಲ್ಕಕ್ಕಂತೆ. ಎದ್ದಿರ್ತೀಯಾ, ಅಕ್ಕ?"

"ಇರ್ದೆ ಏನು. ಮೇಲಿನ ಮನೆ ರಿಮ್‌ಗೌದಸನ ಮೇಲೆ ಸೇಡು ತೀರಿಸ್ಕೋಬೇಕು."

"ಇನ್ನೂ ಅದೇನಾ?"

"ಅವನ ಟಿವಿಲಿ ನಮ್ದಕ್ಕಿಂತ ಮೊದ್ಲೇ ಬರುತ್ತೆ. ಆವತ್ತು ನಮ್ಮಲ್ಲಿ ಚೆಂಡು ಇನ್ನೂ ಕೈಲೇ ಇತ್ತು, ಅವನು ಮೇಲಿಂದ 'ಸೋತ್ವಿ' ಅಂತ ಕೂಗ್ದ. ಹಾಸಿಗೆ ಹಿಡಿದಿದ್ದ ನಮ್ಮನೆಯವರು ಗೋಡೆ ಕಡೆ ತಿರುಗಿಬಿಟ್ರು. ಅವರ ಕೊನೇ ಫೈನಲ್ಲು, ಕೊನೇ ಎಸೆತನೇ ನೋಡ್ಲಿಲ್ಲ."

"ಈಗೇನ್ ಮಾಡ್ತೀಯಾ?"

"ನಮ್ಮನೆಯವರ ರೇಡಿಯೋ ಇದೆಯಲ್ಲ, ಅದು ಅವನ ಟಿವಿಗಿಂತ್ಲೂ ಮುಂದೆ. ಕಿಟಕಿ ತೆಗೆದು ಒಂದೊಂದು ಬಾಸ್ಕೆಟ್ಟೂ ಮೊದ್ಲೇ ಕೂಗ್ತೀನಿ."

"ನಾವೇ ಗೆದ್ರೆ?"

"ಅದನ್ನೂ ಅವನು ನೋಡ್ಬಾರ್ದು. ನನ್ನ ಬಾಯಿಂದ ಕೇಳ್ಬೇಕು."

ಅಂಗಡಿಯವಳು ಕಪ್ಪು ಬ್ರೆಡ್ ಕಟ್ಟಿಕೊಟ್ಟಳು. ದಾಂಗುವೊಲೆ ರೇಡಿಯೋಗೆಂದು ನಾಲ್ಕು ಸೆಲ್ಲುಗಳನ್ನು ಕೇಳಿ ತೆಗೆದುಕೊಂಡು ಹೊರಟಳು.