ಸಾಯಬೇಕಾಗಿದ್ದ ಅಕ್ಕ

ಸರೋವರದಾಚೆಯ ಒಂಟಿ ವಿಶ್ರಾಂತಿಗೃಹದಿಂದ ದೋಣಿ ಇನ್ನೂ ಬಂದಿರಲಿಲ್ಲ. ಟಿಕೆಟ್ ಗುಮಾಸ್ತ ಪೇಪರ್ ಓದುವವನಂತೆ ನಟಿಸುತ್ತ, ಕಿಟಕಿಯಾಚೆ ಬೆಂಚಿನ ಮೇಲೆ ಕೂತಿದ್ದ ಇಬ್ಬರು ಮುದುಕಿಯರ ಮಾತಿಗೆ ಕಿವಿಗೊಟ್ಟಿದ್ದ.

“ಮೆಲ್ಲಗೆ ಮಾತಾಡೇ. ನಾನು ಸಾಯಲ್ವಂತೆ.”

“ಯಾರಂದ್ರಕ್ಕಾ?”

“ಡಾಕ್ಟರು. ರಿಪೋರ್ಟು ಅದಲುಬದಲಾಗಿತ್ತಂತೆ. ನನ್ನ ಹೃದಯ ಗುಂಡುಕಲ್ಲಿನ ಹಾಗಿದೆಯಂತೆ.”

“ಮಕ್ಕಳಿಗೆ ಹೇಳಿದ್ಯಾ?”

“ನಿಂಗೇನು ತಲೆ ಕೆಟ್ಟಿದ್ಯಾ? ಹತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡದ ಅಣ್ಣ ತಮ್ಮ, ನಾನು ಹೋಗ್ತೀನಿ ಅಂತ ಆಚೆ ದಡದಲ್ಲಿ ಒಂದೇ ಸೂರಿನಡಿ ಸೇರಿದಾರೆ. ಗಟ್ಟಿಯಾಗಿದೀನಿ ಅಂದ್ರೆ ನಾಳೇನೇ ಗಂಟುಮೂಟೆ ಕಟ್ತಾರೆ.”

ತಂಗಿ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು.

“ಯಾಕೇ?”

“ಅವರಿಗೆ ಗೊತ್ತು ಕಣಕ್ಕಾ! ಆಸ್ಪತ್ರೆಯವ್ರು ಮೊನ್ನೇನೇ ದೊಡ್ಡೋನಿಗೆ ಫೋನ್ ಮಾಡಿದ್ರು. ‘ಅಮ್ಮಂಗೆ ಹೇಳ್ಬೇಡ ಚಿಕ್ಕಮ್ಮಾ, ಎಲ್ಲರನ್ನೂ ಮನೆಗೆ ಅಟ್ಟಿಬಿಡ್ತಾಳೆ’ ಅಂತ ಇಬ್ರೂ ನನ್ನ ಹತ್ರ ಆಣೆ ಹಾಕಿಸ್ಕೊಂಡಿದಾರೆ.”

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಈಗೇನೇ ಮಾಡೋದು?”

“ಇನ್ನೆರಡು ವಾರ ಸಾಯ್ತಾ ಇರು.”

ದೋಣಿ ದಡಕ್ಕೆ ತಾಗಿತು. ಮಕ್ಕಳಿಬ್ಬರೂ ಧುಮುಕಿ ಬಂದು ತಾಯಿಯ ಒಂದೊಂದು ತೋಳು ಹಿಡಿದರು. ಅಕ್ಕ ಜೋರಾಗಿ ಕೆಮ್ಮಿದಳು.

“ಅಮ್ಮಾ, ನಿಂದು ಹೃದಯದ ಕಾಯಿಲೆ ಅಲ್ವಾ?” ಎಂದ ಚಿಕ್ಕವನು.

“ಕೆಮ್ಮಲಿ ಬಿಡೋ,” ಎಂದು ಗದರಿದ ದೊಡ್ಡವನು, ತಾಯಿಯನ್ನು ಮಗುವಿನಂತೆ ಎತ್ತಿ ದೋಣಿಯಲ್ಲಿ ಕೂರಿಸಿದ.